ನೀರು ಹೋಗದ ಡಬ್ಬಿ

ದನಗಳ ತೊಟ್ಟಿಗೆ ಮೊಣಕೈವರೆಗೆ ತೋಳು ಇಳಿಸಿ, ಸೊಸೆ ಬಲೆಯ ಗಂಟನ್ನು ಮೇಲೆತ್ತಿದಳು. ಹಳೆಯ ಬಲೆಯ ತುಂಡಿನಲ್ಲಿ ಒಂದು ಕಲ್ಲು, ಕಲ್ಲಿನ ಜೊತೆ ನಾಲ್ಕು ಬಗೆಯ ಡಬ್ಬಿಗಳು. ಪ್ರತಿಯೊಂದರಲ್ಲೂ ಒಂದು ಒಣ ಕಾಗದದ ಸುರುಳಿ. ಸಂಜೆ ಮುಳುಗಿಸಿದ್ದನ್ನು ಈಗ ಬೆಳಗ್ಗೆ ಹೊರಗೆ ತೆಗೆದಿದ್ದಳು. ಮೊದಲು ಗುಳಿಗೆಯ ಸೀಸೆಯನ್ನು ಬಿಚ್ಚಿದಳು. ಕಾಗದ ಮುದ್ದೆಯಾಗಿತ್ತು.

"ಅದಕ್ಕೂ ಹೊಟ್ಟೆ ಕೆಟ್ಟಿದೆ, ಪಾಪ," ಅಂದರು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಮಾವ.

ಹೋದ ತಿಂಗಳು ಹಿನ್ನೀರಿನಲ್ಲಿ ಮೀನಿಗೆ ಹೋದಾಗ ಅವರ ದೋಣಿ ಮಗುಚಿತ್ತು. ಹೇಗೋ ಈಜಿ, ನಡುನೀರಿನ ಬಂಡೆಯೊಂದನ್ನು ಹತ್ತಿ ರಾತ್ರಿ ಕಳೆದಿದ್ದರು. ಮಗ ನಾಲ್ಕು ಜನರನ್ನು ಕರೆದುಕೊಂಡು ಬೇರೆ ದೋಣಿಯಲ್ಲಿ ದೀಪ ಹಿಡಿದು ಹುಡುಕಿದ್ದ. ಅಪ್ಪ ಕಣ್ಣಿಗೆ ಬಿದ್ದದ್ದು ಬೆಳಕು ಹರಿದ ಮೇಲೆಯೇ. ಬೆಂಕಿಕಡ್ಡಿ ನೆನೆದುಹೋಯ್ತು ಎಂದಷ್ಟೇ ಮಾವ ಹೇಳಿದ್ದರು. ಅಂದಿನಿಂದ ದೋಣಿ ದಡದಲ್ಲಿ ಬೋರಲು ಬಿದ್ದಿತ್ತು. ಕಡ್ಡಿ, ಮೇಣದಬತ್ತಿಯ ತುಂಡು, ಒಂದು ಗಾಳ, ಇಷ್ಟು ಹಿಡಿಸುವ, ಜೇಬಿನಲ್ಲಿ ಕೂರುವ, ನೀರು ಹೋಗದ ಡಬ್ಬಿ ಸಿಕ್ಕರೆ ಸರಿ, ಇಲ್ಲದಿದ್ದರೆ ದೋಣಿ ಒಡೆದು ಸೌದೆ ಮಾಡುತ್ತೇನೆ ಎಂದಿದ್ದ ಮಗ. ದೋಣಿಯಿಲ್ಲದ ಮಾವ ಅಡುಗೆಮನೆಯ ಬಾಗಿಲಲ್ಲಿ ಕೂತು, ಉರಿ ಜಾಸ್ತಿಯಾಯ್ತು, ಉಪ್ಪು ಸಾಲದು ಎಂದು ಸೊಸೆಯ ತಲೆ ತಿನ್ನುತ್ತಿದ್ದರು. ಅವರು ನೀರಿಗಿಳಿಯಬೇಕೆಂಬ ಆಸೆ ಅವರಿಗಿಂತ ಅವಳಿಗೇ ಹೆಚ್ಚಿತ್ತೇನೋ.

ಎರಡೂ ತುದಿ ಬಿಗಿದು ಕಟ್ಟಿದ ಸೈಕಲ್ ಟ್ಯೂಬಿನ ತುಂಡಿನೊಳಗೆ ಕಾಗದ ಒಣಗಿಯೇ ಇತ್ತು. ರಬ್ಬರ್ ಉಂಗುರವಿದ್ದ ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲೂ ಹಾಗೇ. ಕೊನೆಯದು ಮಾವ ಅವತ್ತು ಕಡ್ಡಿ ಇಟ್ಟುಕೊಂಡಿದ್ದ ಹೊಗೆಸೊಪ್ಪಿನ ತಗಡಿನ ಡಬ್ಬಿ. ಇದು ಹೇಗೂ ಕೈಕೊಟ್ಟದ್ದೇ, ಹೋಲಿಸಿ ನೋಡಲು ಇರಲಿ ಎಂದು ಮುಳುಗಿಸಿದ್ದಳು. ಚಮಚದ ತುದಿಯಿಂದ ಮೀಟಿ ತೆಗೆದವಳು ಹಾಗೇ ನಿಂತಳು.

"ಮಾವ, ಅವತ್ತು ನಿಮ್ಮ ಜೇಬಲ್ಲಿದ್ದ ಡಬ್ಬಿ ಇದೇ ತಾನೇ?"

"ಹೂಂ."

"ಇದರೊಳಗೆ ಒಂದು ಹನೀನೂ ಹೋಗಿಲ್ಲ."

"ಇವತ್ತು ಹೋಗಿಲ್ಲ."

"ರಾತ್ರಿಯೆಲ್ಲ ತಳದಲ್ಲಿತ್ತು ಮಾವ. ಅವತ್ತು ನೀವು ಅಷ್ಟು ಹೊತ್ತೇನೂ ಈಜಿಲ್ಲ."

"ಈಜಿದ್ದು ನಾನು, ನೀನಲ್ಲ."

"ಬೈಯೋದಾದ್ರೆ ಬೈರಿ. ಕಡ್ಡಿ ಒಣಗೇ ಇತ್ತು ಅಂದ್ಮೇಲೆ ಯಾಕೆ ಗೀರಲಿಲ್ಲ, ಅದನ್ನ ಹೇಳಿ."

ಮಾವ ದಾರಿಯ ಕಡೆ ನೋಡಿದರು. ಹಾಲು ಹಾಕಲು ಡೇರಿಗೆ ಹೋದ ಮಗ ಇನ್ನೂ ಬಂದಿರಲಿಲ್ಲ. ಕಂಬಳಿ ಬಿಟ್ಟು ಎದ್ದು ಬಂದು, ಎರಡೂ ಕೈಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ಸುಮ್ಮನೆ ನಿಂತರು. ಚಳಿಗಾಲದ ನೀರು ಕೊರೆಯುತ್ತಿತ್ತು. ಸಾಕು, ತೆಗೀರಿ ಎಂದು ಅವಳು ಎಷ್ಟು ಹೇಳಿದರೂ ತೆಗೆಯಲಿಲ್ಲ. ಬೆರಳ ಗೆಣ್ಣುಗಳೆಲ್ಲ ಬಿಳುಚಿಕೊಂಡ ಮೇಲೆ ಕೈ ಎತ್ತಿ, ತಗಡಿನ ಡಬ್ಬಿಯ ಮುಚ್ಚಳ ಹಾಕಿಸಿಕೊಂಡು, ಅದನ್ನು ತೆಗೆಯಲು ಹೋದರು. ಹೆಬ್ಬೆರಳು ಅಂಚಿನ ಮೇಲೆ ಜಾರಿತು. ಎದೆಗೆ ಒತ್ತಿಕೊಂಡು ನೋಡಿದರು. ಹಲ್ಲಿಗೆ ಕೊಟ್ಟರು, ಕಚ್ಚಲು ಎದುರಿನ ಹಲ್ಲೇ ಇರಲಿಲ್ಲ. ಡಬ್ಬಿ ಕೆಳಗೆ ಬಿತ್ತು.

"ಗೊತ್ತಾಯ್ತಾ? ಅವನಿಗೆ ಹೇಳಬೇಡಮ್ಮ. ಅಪ್ಪನ ಕೈ ಬಿದ್ದುಹೋಯ್ತು, ವಯಸ್ಸಾಯ್ತು ಅಂತಾನೆ. ಅಲ್ಲಿಗೆ ದೋಣಿ ಒಲೆಗೇ."

ಅಷ್ಟರಲ್ಲಿ ಖಾಲಿ ಕ್ಯಾನು ಗಡಗಡಿಸುತ್ತ ಸೈಕಲ್ಲು ಬಂತು. ಮಗ ಇಳಿದವನೇ ಒಣ ಕಾಗದಗಳನ್ನು ಮುಟ್ಟಿ ನೋಡಿದ. ತಿರುಪಿನ ಡಬ್ಬಿಯನ್ನು ಮುಚ್ಚಿ, ಬಿಚ್ಚಿ, ಮತ್ತೆ ಬಿಗಿಯಾಗಿ ಮುಚ್ಚಿ ಜೇಬಿಗೆ ಹಾಕಿಕೊಂಡು ನೋಡಿದ. ಅಳತೆ ಮಾಡಿಸಿದಂತೆ ಕೂತಿತು.

"ಇದೇ ಇರಲಿ. ಹೋಗಪ್ಪ ನಾಳೆಯಿಂದ."

ಮಾವ ಸೊಸೆಯನ್ನು ನೋಡಿದರು. ಅವಳು ಆ ಡಬ್ಬಿಯನ್ನೇ ನೋಡುತ್ತಿದ್ದಳು. ಬಾಯಿ ಬಿಟ್ಟರೆ ದೋಣಿ ಹೋಗುತ್ತದೆ; ಬಿಡದಿದ್ದರೆ ಮುಂದೊಂದು ದಿನ ಮಾವನೇ.

"ರೀ, ಅದು ಹಾಗಲ್ಲ. ಮೊದಲು ತೊಟ್ಟಿಯಲ್ಲಿ ಕೈ ಇಡಿ."

"ಯಾಕೆ, ನಾನೇನು ಎಮ್ಮೆನಾ?"

"ಇಡಿ ಅಂದ್ರೆ ಇಡಿ. ನಾನು ಹೇಳೋ ತನಕ ತೆಗೀಬೇಡಿ."

ಅವನು ನಗುತ್ತಲೇ ಇಟ್ಟ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಆಮೇಲೆ ಹಲ್ಲು ಕಚ್ಚಿಕೊಂಡ. ಇನ್ನು ಸಾಕು ಎಂದು ಅವಳು ಹೇಳಿದಾಗ ಬೆರಳುಗಳು ಅವನವೇ ಅಲ್ಲವೇನೋ ಎಂಬಂತೆ ಮರಗಟ್ಟಿದ್ದವು. ಡಬ್ಬಿ ಕೊಟ್ಟು ಬಿಚ್ಚಲು ಹೇಳಿದಳು. ಅಂಗೈಯಲ್ಲಿ ಡಬ್ಬಿ ಪೂರ್ತಿ ತಿರುಗಿತೇ ಹೊರತು ಮುಚ್ಚಳ ಮಿಸುಕಲಿಲ್ಲ. ಅಂಗಿಗೆ ಉಜ್ಜಿ ಮತ್ತೆ ತಿರುವಿದ. ಮಂಡಿಯ ನಡುವೆ ಸಿಕ್ಕಿಸಿಕೊಂಡು ತಿರುವಿದ.

"ಇದರ ಮುಚ್ಚಳ ಸರಿಯಿಲ್ಲ," ಅಂದ.

"ಮುಚ್ಚಳ ಸರಿಯಾಗೇ ಇದೆ," ಮಾವನ ಕಣ್ಣು ಮಗನ ಬೆರಳುಗಳ ಮೇಲೇ ಇತ್ತು. "ಒಳಗೆ ನೀರೂ ಹೋಗಲಿಲ್ಲ, ನೀನೂ ಹೋಗಲಿಲ್ಲ."

ಮಗ ತಲೆ ಎತ್ತಿ ಅಪ್ಪನ ಒದ್ದೆ ಕೈಗಳನ್ನು ನೋಡಿದ. ನೆಲದ ಮೇಲೆ ಬಿದ್ದಿದ್ದ ತಗಡಿನ ಡಬ್ಬಿಯನ್ನೂ ನೋಡಿದ.

"ಅಪ್ಪ, ಅವತ್ತು ನಾವು ಎರಡು ಸಲ ಆ ಬಂಡೆ ಪಕ್ಕದಲ್ಲೇ ಹಾದುಹೋದ್ವಲ್ಲ. ಒಂದು ಸಲ ಕೂಗೋಕೂ ಆಗಲಿಲ್ವಾ?"

"ಗಂಟಲು ಕಟ್ಟಿಹೋಗಿತ್ತು."

"ಮತ್ತೆ ಏನು ಮಾಡ್ತಿದ್ದೆ?"

"ಇದನ್ನೇ," ಅಂದರು ಮಾವ. "ಈಗ ನೀನು ಮಾಡ್ತಿದ್ದೀಯಲ್ಲ, ಇದನ್ನೇ."

ಮಗ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಆ ಟ್ಯೂಬಿಗೆ ಎಳೆದರೆ ಬಿಚ್ಚಿಕೊಳ್ಳೋ ಹಾಗೆ ಕುಣಿಕೆ ಹಾಕು ನೋಡೋಣ," ಎಂದು ಹೆಂಡತಿಗೆ ಹೇಳಿ, ಯಾರೂ ಹೇಳದೆಯೇ ಮತ್ತೆ ಎರಡೂ ಕೈಗಳನ್ನು ನೀರಿಗೆ ಇಳಿಸಿದ.