ಮದರ್‌ಬೋರ್ಡ್ ಒಪ್ಪಬೇಕು

"ಜೋಡಿ ಓಡೋದು ಖಂಡಿತಾನಾ?"

ಫಕ್ರುದ್ದೀನ್ ಬಾಗಿಲ ಮರೆಯಲ್ಲೇ ನಿಂತ. ಮಗಳು ಶೀಬಾ ಫೋನಿನಲ್ಲಿ ಪಿಸುಗುಡುತ್ತಿದ್ದಳು. ಶುಕ್ರವಾರ ಅವಳನ್ನು ನೋಡಲು ಮಾಗಡಿಯಿಂದ ಗಂಡಿನವರು ಬರುವವರಿದ್ದರು. ದೊಡ್ಡ ಹೆಸರಿನ ಮನೆತನ.

"ಬಿಸಿ ಆಯ್ತದೆ, ಗೊತ್ತು. ಮದರ್‌ಬೋರ್ಡ್ ಒಪ್ಪೈತೆ, ಸಾಕು. ಈಗಲೇ ಬತ್ತೀನಿ."

ಉಬ್ಬಿದ ಚೀಲ ಹೆಗಲಿಗೇರಿಸಿ ಹೊರಟಳು. ಅವನು ಮನಸ್ಸಿನಲ್ಲೇ ಕುರಾನಿನ ಒಂದು ಆಯತ್ ಹೇಳಿಕೊಂಡು ಹಿಂದೆಯೇ ನಡೆದ. ರೇಷ್ಮೆಗೂಡಿನ ಮಾರುಕಟ್ಟೆ ದಾಟಿ ಅವಳು ಹೊಕ್ಕಿದ್ದು ಶಾರುಖ್‌ನ ಕಂಪ್ಯೂಟರ್ ಅಂಗಡಿ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ.

"ಯಾವ ಜೋಡಿ? ಎಲ್ಲಿಗೆ ಓಡೋದು?"

ಶೀಬಾ ಬೆಚ್ಚಿದಳು. ಶಾರುಖ್ ಮೇಜಿನ ಮೇಲೆ ಎರಡು ಹಸಿರು ಪಟ್ಟಿ ಇಟ್ಟ.

"ಇದೇ ಚಾಚಾ. ರ‍್ಯಾಮ್. ಕಂಪ್ಯೂಟರಿನ ಮೆಮೊರಿ. ಒಳಗಿನ ತಾಯಿಹಲಗೆ, ಮದರ್‌ಬೋರ್ಡ್, ಒಪ್ಪಿದ್ರೆ ಕೂರ್ತದೆ. ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸೋದಕ್ಕೆ ಓವರ್‌ಕ್ಲಾಕ್ ಅಂತಾರೆ. ಮೊದಮೊದಲು ಬಿಸಿ ಆಯ್ತದೆ. ತಡ್ಕೊಂಡ್ರೆ ಒಗ್ಗಿಹೋಯ್ತದೆ."

"ನನ್ನ ವೀಡಿಯೊ ಕೆಲಸಕ್ಕೆ ಅಬ್ಬಾ," ಎಂದಳು ಶೀಬಾ. "ಮನೇಲಿರೋ ಲ್ಯಾಪ್‌ಟಾಪ್ ನಿಂತು ನಿಂತು ಹೋಯ್ತದೆ."

ಫಕ್ರುದ್ದೀನನಿಗೆ ಹೋದ ಉಸಿರು ಬಂತು. ಶಾರುಖ್ ಮಿನುಗುವ ಇನ್ನೊಂದು ಜೋಡಿ ತೋರಿಸಿದ. "ಇದಕ್ಕೆ ದೊಡ್ಡ ಹೆಸರು, ಬೆಲೆ ದುಪ್ಪಟ್ಟು. ಹಸಿರಿಂದು ಹೆಸರಿಲ್ಲದ್ದು. ಒಳಗಿನ ಚಿಪ್ ಮಾತ್ರ ಅದೇ. ಒಸಿ ಒತ್ತಿದ್ರೆ ಅಷ್ಟೇ ಓಡ್ತದೆ."

ಜೀವಮಾನವೆಲ್ಲ ರೇಷ್ಮೆ ಬಿಚ್ಚಿದ ಕೈ. ಎಳೆ ಉದ್ದ ಬಂದಷ್ಟೂ ಗೂಡು ಒಳ್ಳೆಯದು. ಫಕ್ರುದ್ದೀನ್ ಹಸಿರು ಪಟ್ಟಿಯನ್ನು ಬೆರಳಲ್ಲಿ ಅಳೆದು, ಪಕ್ಕದಲ್ಲಿದ್ದ ಗಿಡ್ಡ ಪಟ್ಟಿಗಳನ್ನು ಆಚೆ ಸರಿಸಿದ.

"ಈ ಉದ್ದದ್ದೇ ಇರಲಿ. ಹೆಸರು ಕಟ್ಕೊಂಡು ಏನಾಗ್ಬೇಕು? ಒಳಗೆ ಚೆನ್ನಾಗಿದ್ರೆ ಸಾಕು."

"ಈ ಮಾತು ಮರೀಬೇಡಿ ಅಬ್ಬಾ." ಶೀಬಾ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು. "ಇದನ್ನ ತಗೊಂಡು ನೀವು ನಡೀರಿ. ವಾರಂಟಿ ಬರೆಸ್ಕೊಂಡು ಬತ್ತೀನಿ."

ಸಂಜೆಯ ಅಸರ್ ನಮಾಜ್ ಮುಗಿಯಿತು. ಅವಳು ಬರಲಿಲ್ಲ. ರೀಲಿಂಗ್ ಮೋಟಾರು ಬಿಚ್ಚಿ ಕಟ್ಟಿದವನಿಗೆ ಇದೇನು ಮಹಾ? ಸ್ಕ್ರೂಡ್ರೈವರ್ ಹಿಡಿದು ಮಗಳ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದ.

ಒಳಗಿನ ಜಾಗ ಪಟ್ಟಿಯ ಅರ್ಧದಷ್ಟೇ ಇತ್ತು. ಹೇಗೆ ತಿರುಗಿಸಿದರೂ ಕೂರಲಿಲ್ಲ. ಆ ಗಿಡ್ಡ ಪಟ್ಟಿಗಳು ನೆನಪಾದವು.

ಶೀಬಾಳ ಫೋನು ಸ್ವಿಚ್ ಆಫ್.

"ಹಫೀಜಾ! ಇದು ಈ ಲ್ಯಾಪ್‌ಟಾಪಿಂದೇ ಅಲ್ಲ! ಮಗಳೆಲ್ಲಿ?"

ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಅವಳ ಫೋನಿನ ಬೆಳಕು ಆಗಷ್ಟೇ ಆರಿತು. ಮೊರದ ಮೇಲೆ ಒಂದು ಹನಿ ಬಿತ್ತು.

"ಮದರ್‌ಬೋರ್ಡ್ ನಾನೇ ರೀ."