ನಾಲ್ಕನೇ ಕಪ್

ಕ್ರಿಸ್‌ಮಸ್ ಸಂಜೆ ಅವಳು ಮೇಜಿನ ಮೇಲೆ ಬಿಸಿ ಚಾಕೊಲೇಟ್ ಪಾತ್ರೆ ಇಟ್ಟು, ಬೇಕಾದ್ದನ್ನು ಅವರವರೇ ಬೆರೆಸಿಕೊಳ್ಳಲೆಂದು ಚಕ್ಕೆ ಪುಡಿ, ಮಾರ್ಷ್‌ಮ್ಯಾಲೋ, ಮೂರು ಕಪ್ ಜೋಡಿಸಿದಳು. ಹೋದ ವರ್ಷ ಪಕ್ಕದ ಮನೆಯವಳಾಗಿ ಬಂದು ಇದೇ ಮೇಜು ಜೋಡಿಸಿಕೊಟ್ಟಿದ್ದಳು. ಅಂದು ಕಪ್ ಖಾಲಿಯಾಗುವ ಮೊದಲೇ ಮನೆಯಾಕೆ ಎದೆ ಹಿಡಿದುಕೊಂಡು ತೀರಿಹೋಗಿದ್ದಳು. ಈಗ ಆಕೆಯ ಗಂಡನೂ ಮನೆಯೂ ಇವಳದು.

ತೀರಿಹೋದವಳ ಮಗಳು ನಾಲ್ಕನೇ ಕಪ್ ತಂದಿಟ್ಟಳು.

“ಇದ್ಯಾರಿಗೆ ಪುಟ್ಟಿ?”

“ಅಮ್ಮಂಗೆ. ಗೋದಲಿ ಹತ್ರ ಕೂತಿದ್ದಾಳೆ.”

ಅವಳು ಮೂಲೆಯಲ್ಲಿ ಬಾಲಯೇಸುವಿನ ಬೊಂಬೆ ಇಟ್ಟ ಗೋದಲಿಯತ್ತ ನೋಡಲಿಲ್ಲ. ಕಪ್ ತುಂಬಿಸಿ, “ಬಿಸಿ ಇದೆ, ನಿಧಾನ,” ಎಂದಳು.

ಹುಡುಗಿ ಹೋದವಳು ತುಂಬಿದ ಕಪ್ ಹಿಡಿದೇ ಹಿಂದಿರುಗಿದಳು.

“ಬೇಡ ಅಂದ್ಳಾ ಅಮ್ಮ?”

“ಬೇಕಂತೆ ಚಿಕ್ಕಮ್ಮ. ಆದ್ರೆ ಈ ಸಲ ಮೊದಲು ನೀವು ಕುಡೀಬೇಕಂತೆ.”