ಹೆಣ್ಣು ನೋಡಲು ಹದಿಮೂರು ಜನ

ಮನೆ ಕಡಲ ತಡಿಯ ಬಡಾವಣೆಯಲ್ಲಿ ಇದ್ದದ್ದರಿಂದ ವಾರಿಜಳನ್ನು ನೋಡಲು ಬರುವವರಿಗೆ ಬರವಿರಲಿಲ್ಲ, ಅದರಲ್ಲೂ ಶಾಲೆಗಳಿಗೆ ರಜೆ ಬಿದ್ದ ಮೇಲೆ. ಆರು ಕಡೆಯವರು ಬಂದು ಈಜಿ, ಉಂಡು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೊರಟಿದ್ದರು. ಅವರಿನ್ನೂ ಊರು ತಲುಪಿದಂತಿಲ್ಲ.

ಏಳನೆಯವರು ಟೆಂಪೋದಲ್ಲಿ ಹದಿಮೂರು ಜನ ಬಂದಿಳಿದರು. ಉಪ್ಪಿಟ್ಟು ತಿಂದು ದೀಪಸ್ತಂಭ ಹತ್ತಿದರು. ಊಟ ಮುಗಿಸಿ ದೋಣಿಯಲ್ಲಿ ದ್ವೀಪ ಸುತ್ತಿದರು. ಹುಡುಗಿಯನ್ನು ಕರೆದದ್ದು ಒಮ್ಮೆ ಮಾತ್ರ, ತಮ್ಮೆಲ್ಲರ ಫೋಟೊ ತೆಗೆದುಕೊಡಲು.

ಸಂಜೆ ಒದ್ದೆ ಸೀರೆಯ ಸೆರಗು ಹಿಂಡುತ್ತಾ ಹುಡುಗನ ತಾಯಿ ಅಂದರು: "ಹುಡುಗಿ ಒಪ್ಪಿಗೆ ಕಣ್ರೀ!"

ಬಾಗಿಲ ಹಿಂದೆ ನಿಂತಿದ್ದ ವಾರಿಜಳಿಗೆ ನಂಬಲಾಗಲಿಲ್ಲ. ಅಪ್ಪನ ಕಣ್ಣು ತುಂಬಿ ಬಂತು.

"ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಈ ಗಡಿಬಿಡಿಯಲ್ಲಿ ಕೇಳ್ಲಿಕ್ಕೇ ಆಗ್ಲಿಲ್ಲ, ಹುಡುಗ ಯಾರು? ಆ ನೀಲಿ ಅಂಗಿಯವರಾ?"

"ಅಯ್ಯೋ, ಅವನು ಡ್ರೈವರ್ರು."

"ಮತ್ತೆ ಆ ಕೂಲಿಂಗ್ ಗ್ಲಾಸಿನವರು?"

"ನಮ್ಮ ಪಕ್ಕದ್ಮನೆಯವರು. ಪಾಪ, ಸಮುದ್ರ ನೋಡಿರ್ಲಿಲ್ಲ."

"ಹಾಗಾದ್ರೆ ಹುಡುಗ ಎಲ್ಲಿ?"

"ಅವನಿಗೆ ಉಪ್ಪು ಗಾಳಿ ಆಗ್ಬರಲ್ಲ, ಅದಕ್ಕೇ ಕರ್ಕೊಂಡ್ ಬರ್ಲಿಲ್ಲ."